ಮಂಜುಗಡ್ಡೆಯ ಸಾಲ

ವಡಾಲಾದಲ್ಲಿ ನಾನು ಹತ್ತಿದ್ದು ಸಾಮಾನಿನ ಡಬ್ಬಿ.
ಹೆಂಗಸರ ಡಬ್ಬಿಯಲ್ಲಿ ಈ ನೀಲಿ ಪೆಟ್ಟಿಗೆಗೆ
ಯಾರೂ ಕಾಲೂರಲು ಬಿಡುವುದಿಲ್ಲ.

ಪೆಟ್ಟಿಗೆಯಲ್ಲಿ ಮಂಜು, ಮಂಜಿನಲ್ಲಿ ಸೀಸೆ,
ಸೀಸೆಯ ಗುಲಾಬಿ ದ್ರವದಲ್ಲಿ
ಅಂಗೈಯಗಲ ಚರ್ಮ.
ಹೊಟ್ಟೆ ಇಳಿಸಿಕೊಂಡವರೊಬ್ಬರು
ಸಹಿ ಹಾಕಿ ಬಿಟ್ಟುಕೊಟ್ಟದ್ದು.
ಹೆಸರು ನನಗೆ ಗೊತ್ತಿರಕೂಡದು.
ಸ್ಕಿನ್ ನಲವತ್ತೊಂದು, ಅಷ್ಟೆ.

"ಮಾಸಳಿ ಕಾ ಗೋ?"
ಎದುರು ಕೂತವಳು ಕೇಳಿದಳು,
ಭಾವೂಚಾ ಧಕ್ಕ್ಯಾದಲ್ಲಿ ನಸುಕಿನ ಹರಾಜು ಮುಗಿಸಿ
ಎರಡು ಟಬ್ಬು ಬಂಗಡೆ, ಒಂದು ಟಬ್ಬು ಬೊಂಬಿಲ್
ಬೇಲಾಪುರಕ್ಕೆ ಹೊತ್ತೊಯ್ಯುವ ದ್ವಾರಕಾಬಾಯಿ ವೈತಿ.
ಮೀನಲ್ಲ, ಚರ್ಮ, ಅಂದೆ.
ಹೌಹಾರಲಿಲ್ಲ. "ತಾಜಾ ಇದೆಯಾ?" ಅಂದಳು.

ಆರು ವರ್ಷದ ಪಿಎಚ್‌ಡಿ, ಮೂರನೇ ವರ್ಷದ ಪೋಸ್ಟ್‌ಡಾಕ್,
ನಾಲ್ಕು ತಿಂಗಳಿಂದ ಬಾರದ ಫೆಲೋಶಿಪ್,
ಇಷ್ಟರಲ್ಲಿ ಯಾರೂ ಹೀಗೆ
ಬುಡಕ್ಕೇ ಕೈ ಹಾಕಿ ಕೇಳಿರಲಿಲ್ಲ.

ವಾಶಿ ಖಾಡಿಯ ಸೇತುವೆ ಮೇಲೆ ಗಾಡಿ ನಿಂತುಬಿಟ್ಟಿತು.
ಮೇ ತಿಂಗಳು. ಹನ್ನೊಂದು ಗಂಟೆ. ತಗಡು ಕಾದಿತ್ತು.
ಪೆಟ್ಟಿಗೆಯ ಮೂಲೆಯಿಂದ ಸಣ್ಣ ನೀರು
ನನ್ನ ಚಪ್ಪಲಿಯ ಕಡೆ ಹೊರಟಿತು.

ಹೊತ್ತು ಹೋಗಲೆಂದು ಕೇಳುತ್ತಿದ್ದಳು, ಹೇಳುತ್ತಿದ್ದೆ,
ಹರಕು ಮರಾಠಿಯಲ್ಲಿ:
ರಾತ್ರಿಯಿಡೀ ನೆನೆಹಾಕಿದರೆ ಬೆಳಿಗ್ಗೆ
ಹಾಲಿನ ಕೆನೆಯಂತೆ ಮೇಲ್ಪದರ ಏಳುತ್ತದೆ.
ಅದರ ಬುಡದಲ್ಲಿ ಬಣ್ಣದ ಕೋಶಗಳು,
ಒಂದೊಂದಕ್ಕೂ ನೆರೆಮನೆ ಮೂವತ್ತು ಮೂವತ್ತೈದು.
ಹೆಪ್ಪಿಗೆ ಮೊಸರು ಕೊಟ್ಟಂತೆ
ಎಲ್ಲರಿಗೂ ಒಂದಿಷ್ಟು ಕಪ್ಪು ಹಂಚುತ್ತವೆ.
ಹಂಚುವವೇ ಸತ್ತರೆ ತೊನ್ನು.
ನೆರೆಹೊರೆ ಮರೆತು ತಮ್ಮ ಸಂತಾನವನ್ನೇ
ಬೆಳೆಸುತ್ತ ಹೋದರೆ...

ಆಗ ಕಂಡಿತು.
ಸೆಖೆಗೆ ಚಪ್ಪಲಿ ಕಳಚಿ ಕಾಲು ಮಡಿಸಿದ್ದಳು.
ಅಂಗಾಲಿನಲ್ಲಿ, ಕಿರುಬೆರಳ ಕೆಳಗೆ,
ಮೀನಿನ ಹುರುಪೆ ಅಂಟಿದ ಪಕ್ಕದಲ್ಲಿ
ಒಂದು ಮಚ್ಚೆ.
ಅಂಚು ಹರಿದ ನಕಾಶೆಯಂತೆ.
ಒಂದೇ ಮಚ್ಚೆಯಲ್ಲಿ ಎರಡು ಕಪ್ಪು, ಒಂದು ನೀಲಿ.

ಅದು ಯಾವಾಗಿನಿಂದ?
"ಮುಳ್ಳು ಚುಚ್ಚಿತ್ತು. ಹೋದ ಗಣಪತಿಗೆ."
ಬೆಳೆದಿದೆಯಾ?
"ಕಾಲಿನ ಅಡಿ ಯಾರು ನೋಡಿಕೊಳ್ಳುತ್ತಾರೆ, ಬಾಯಿ!"

ಕೊರಳ ಗುರುತಿನ ಚೀಟಿಯಲ್ಲಿ
ಡಾ. ಗೌರವ್ವ ಕಮತಗಿ ಎಂದಿದೆ.
ಆ 'ಡಾ.' ಗಾಜಿನ ಸ್ಲೈಡುಗಳದ್ದು, ಮನುಷ್ಯರದ್ದಲ್ಲ.
ಆರುನೂರು ಸ್ಲೈಡು ನೋಡಿದ ಕಣ್ಣಿಗೆ
ಒಂದು ಪಾದ ನೋಡಲು ಪರವಾನಗಿಯಿಲ್ಲ.
ಇರಲಿಕ್ಕಿಲ್ಲ ಅಂದುಕೊಂಡೆ.
ಇದ್ದರೆ ಅಂದುಕೊಂಡೆ.
ಅಂಗಾಲು ನಮ್ಮ ಜನರಲ್ಲಿ ಅದಕ್ಕೆ ಇಷ್ಟವಾದ ಜಾಗ,
ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ.

ಚೀಲದಲ್ಲಿ ಕಾಗದವಿರಲಿಲ್ಲ. ಲೇಬಲ್ ಇತ್ತು,
ದ್ರವ ಸಾರಜನಕದಲ್ಲಿ ಮುಳುಗಿಸಿದರೂ ಕಳಚದ ಜಾತಿ.
ಅದರ ಮೇಲೆ ಬರೆದೆ:
ಚರ್ಮ ವಿಭಾಗ, ಎರಡನೇ ಮಹಡಿ, ಸೋಮವಾರ, ಗುರುವಾರ,
ಎಂಟಕ್ಕೇ ಹೋಗಿ ಚೀಟಿ ಮಾಡಿಸಿ.
ಬೊಂಬಿಲ್ ಟಬ್ಬಿನ ಹೊರಮೈಗೆ ಒತ್ತಿ ಅಂಟಿಸಿದೆ.
"ಸೋಮವಾರ ಧಕ್ಕೆ," ಅಂದಳು. "ಗುರುವಾರ ನೋಡುವೆ."

ಆಮೇಲೆ ನನ್ನ ಪೆಟ್ಟಿಗೆಯ ಕಡೆ ನೋಡಿದಳು.
"ನಿನ್ನ ಮಾಲು ಕೆಡುತ್ತದೆ."
ಎರಡೂ ಕೈ ಬಂಗಡೆಯ ಕೆಳಗಿಳಿಸಿ
ಬೊಗಸೆ ತುಂಬ ಮಂಜು ಎತ್ತಿ
ಮುಚ್ಚಳ ತೆಗೆ ಅಂದಳು.

ಖಾರ್ಘರ್ ಲ್ಯಾಬಿನಲ್ಲಿ ಪೆಂಡ್ಸೆ ಮೇಡಂ ಮೂಗು ಮುಚ್ಚಿಕೊಂಡರು.
ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಬರೆದೆ:
ಮಂಜು ದಾರಿಯಲ್ಲಿ ಬದಲಿಸಲಾಗಿದೆ.
ಮೂರನೇ ದಿನ ಸೂಕ್ಷ್ಮದರ್ಶಕದಡಿ
ನಲವತ್ತೊಂದು ತಳಕ್ಕೆ ಅಂಟಿಕೊಂಡಿತ್ತು,
ತೆಳ್ಳಗೆ ಕೈ ಚಾಚಿ, ನೆರೆಮನೆ ಹುಡುಕುತ್ತ.

ಜೂನ್ ಕೊನೆಗೆ ಅದೇ ಡಬ್ಬಿಯಲ್ಲಿ
ಆ ಟಬ್ಬು ಸಿಕ್ಕಿತು. ನನ್ನ ಅಕ್ಷರ
ಒಂದಿಷ್ಟೂ ಮಾಸಿರಲಿಲ್ಲ.
ಪಕ್ಕದಲ್ಲಿ ಯಾರೋ ಹುಡುಗಿ.
ದ್ವಾರಕಾಬಾಯಿ?
"ಯಾರು? ಟಬ್ಬು ಧಕ್ಕೆಯ ಬಾಡಿಗೆಯದು," ಅಂದಳು,
"ದಿನಾ ಬೇರೆಯವರದು."

ಅಂದಿನಿಂದ ಗುರುವಾರ ಸ್ಯಾಂಪಲ್ ತರಲು
ಎಂಟಕ್ಕೇ ಹೋಗುತ್ತೇನೆ.
ಎರಡನೇ ಮಹಡಿಯ ಸಾಲಿನ ಪಕ್ಕ ಹಾಯುವಾಗ
ಮುಖ ನೋಡುವುದಿಲ್ಲ.